ಓವರ್‌ಕ್ಲಾಕಿಂಗೂ ಮರಗಸಿಯೂ

ನಮ್ಮ ಮಲ್ಲಂದೂರಿನ ಮನೆಯ ನಡುಕೋಣೆಯ ಗೋಡೆಯಲ್ಲಿ ಒಂದು ದೊಡ್ಡ ಗೂಡು ಇದೆ. ಅಜ್ಜನ ಕಾಲದಲ್ಲಿ ಅದರಲ್ಲಿ ಲಾಟೀನು ಇಡುತ್ತಿದ್ದರಂತೆ. ಅಪ್ಪನ ಕಾಲಕ್ಕೆ ರೇಡಿಯೋ ಬಂತು. ಈಗ ಅಲ್ಲಿ ನನ್ನ ತಂಗಿಯ ಮಗನ ಕಂಪ್ಯೂಟರು ಕುಳಿತಿದೆ. ಬೆಂಗಳೂರಿನ ಕೆಲಸ ಬಿಟ್ಟು ಬಂದ ಮೇಲೆ ಅವನು ಸುತ್ತಲ ಊರುಗಳ ಮದುವೆಗಳ ವಿಡಿಯೋ ತೆಗೆದು, ಕತ್ತರಿಸಿ, ಜೋಡಿಸಿ ಕೊಡುವ ಕಸುಬು ಹಿಡಿದಿದ್ದಾನೆ. ಆ ಕಸುಬಿಗೆ ಕೈ ಬೇಕು, ಕಣ್ಣು ಬೇಕು. ಅವನಿಗೆ ಎರಡೂ ಇವೆ. ಇಲ್ಲದ್ದು ವೇಗದ ಯಂತ್ರ. ಒಂದು ಮದುವೆ ಯಂತ್ರದಿಂದ ಹೊರಬರಬೇಕಾದರೆ ಒಂದು ರಾತ್ರಿ ಹಿಡಿಯುತ್ತಿತ್ತು. ನಿಜವಾದ ಮದುವೆಯೇ ಅದಕ್ಕಿಂತ ಬೇಗ ಮುಗಿದಿರುತ್ತಿತ್ತು.

ಕಳೆದ ಡಿಸೆಂಬರಿನಲ್ಲಿ ಒಂದು ಸಂಜೆ, “ಮಾವ, ಇದನ್ನು ಓವರ್‌ಕ್ಲಾಕ್ ಮಾಡ್ತೀನಿ” ಎಂದ.

“ಹಾಗಂದರೇನೋ?”

“ಕಂಪನಿಯವರು ಇಷ್ಟೇ ವೇಗದಲ್ಲಿ ಓಡಲಿ ಅಂತ ಗೊತ್ತುಮಾಡಿರ್ತಾರೆ. ಅದಕ್ಕಿಂತ ಜಾಸ್ತಿ ಓಡಿಸೋದು.”

“ಎಷ್ಟು ಓಡಬೇಕು ಅಂತ ಮಾಡಿದವರಿಗೆ ಗೊತ್ತಿಲ್ಲವೇನೋ?”

“ಎಲ್ಲರ ಮನೆಯಲ್ಲೂ ನಡೀಲಿ ಅಂತ ಅವರು ಸ್ವಲ್ಪ ಹಿಡಿದೇ ಹೇಳಿರ್ತಾರೆ ಮಾವ.”

ಇದು ಅವನು ಕಂಡುಹಿಡಿದ ವಿದ್ಯೆಯೇನೂ ಅಲ್ಲ. 1998ರಲ್ಲಿ ಇಂಟೆಲ್ ಕಂಪನಿಯ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರ್ ಬಂದಾಗ, 300 ಮೆಗಾಹರ್ಟ್ಸಿನ ಅದನ್ನು ಜನ 450ರಲ್ಲಿ ಓಡಿಸಿ, ದುಬಾರಿ ಯಂತ್ರ ಕೊಂಡವರನ್ನು ಹೊಟ್ಟೆ ಉರಿಸಿದರು. ನಮ್ಮ ಗೂಡಿನಲ್ಲಿರುವುದು 2011ರ ಐ5 2500ಕೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎರಡನೆಯ ಕೈಯಿಂದ ಕೊಂಡದ್ದು. ಹೆಸರಿನ ಕೊನೆಯ ‘ಕೆ’ ಅಕ್ಷರಕ್ಕೆ ಬೀಗ ಹಾಕಿಲ್ಲವೆಂದು ಅರ್ಥ. 100 ಮೆಗಾಹರ್ಟ್ಸಿನ ಒಂದು ಮೂಲ ತಾಳ, ಅದಕ್ಕೆ 33ರ ಗುಣಕ, ಒಟ್ಟು 3.3 ಗಿಗಾಹರ್ಟ್ಸ್. ನಮ್ಮ ಹುಡುಗ ಗುಣಕವನ್ನು 42ಕ್ಕೆ ಏರಿಸಿದ. ಯಂತ್ರ ತಡವರಿಸಿತು. ಸ್ವಲ್ಪ ವೋಲ್ಟೇಜು ಏರಿಸಿದ. ಓಡಿತು.

ಮಂಜು ಕಿಟಕಿಗೆ ಒತ್ತಿಕೊಂಡು ನಿಂತಿದ್ದ ಆ ರಾತ್ರಿಗಳಲ್ಲಿ ಅದು ಚೆನ್ನಾಗಿಯೇ ಓಡಿತು. ಮದುವೆಗಳು ಮಧ್ಯರಾತ್ರಿಗೇ ಮುಗಿಯತೊಡಗಿದವು. ನಾನೂ ಅವನನ್ನು ಮೆಚ್ಚಿದೆ. ಮೆಚ್ಚಿದ್ದಷ್ಟೇ ಅಲ್ಲ, ಕಾಫಿ ಕಣದಲ್ಲಿ ನಾಲ್ಕು ಜನರಿಗೆ ಹೇಳಿಕೊಂಡೂ ಬಂದೆ.

ಮಾರ್ಚಿ ಬಂತು. ಹೂಮಳೆಗೆ ಎಲ್ಲರೂ ಆಕಾಶ ನೋಡುತ್ತಿದ್ದ ದಿನಗಳು. ಪಕ್ಕದ ತೋಟದ ಮನೆಯ ಮದುವೆಯ ವಿಡಿಯೋ ಕೈಯಲ್ಲಿತ್ತು. ಆ ಮದುವೆಯಲ್ಲಿ ಸರಭರ ಓಡಾಡಿದ್ದ ಅವರ ಮನೆಯ ಅಜ್ಜಿ ತೀರಿಕೊಂಡಿದ್ದರು; ತಿಥಿಯ ದಿನ ಬಂಧುಗಳು ಅದನ್ನು ನೋಡಬೇಕೆಂದಿದ್ದರು. ಇನ್ನು ಮೂರು ದಿನ. ರಾತ್ರಿ ಹನ್ನೊಂದಕ್ಕೆ ಯಂತ್ರ ಪಕ್ಕನೆ ಆರಿತು. ಮತ್ತೆ ಹಚ್ಚಿದ. ಒಂದು ಗಂಟೆಗೆ ಮತ್ತೆ ಆರಿತು. ಜೋಡಿಸಿದ ಕಡತವನ್ನು ತೆರೆದರೆ, ಅಜ್ಜಿ ಆರತಿ ಎತ್ತುವಲ್ಲಿಗೆ ಚಿತ್ರವೆಲ್ಲ ಹಸಿರು ಚೌಕಗಳಾಗಿ ಒಡೆದುಹೋಗಿತ್ತು. ಹುಡುಗನ ಮುಖ ನೋಡಲಾಗಲಿಲ್ಲ. ಮೂಲ ಚಿತ್ರಗಳು ಕ್ಯಾಮೆರಾದ ಕಾರ್ಡಿನಲ್ಲಿ ಉಳಿದಿದ್ದದ್ದು ನಮ್ಮ ಪುಣ್ಯ.

ಅವನು ಕಾಗದ ತೆಗೆದು ಲೆಕ್ಕ ಹಾಕಿದ. ವೇಗ ಏರಿದಷ್ಟೇ ಕಾವೂ ಏರುತ್ತದೆ. ಆದರೆ ವೋಲ್ಟೇಜು ಏರಿದರೆ ಕಾವು ಅದರ ವರ್ಗದಂತೆ ಏರುತ್ತದೆ. ಅವನು 1.2ರಿಂದ 1.35 ವೋಲ್ಟಿಗೆ ಹೋಗಿದ್ದ. ದೊರೆತದ್ದು ನೂರಕ್ಕೆ 27ರಷ್ಟು ವೇಗ. ತೆತ್ತದ್ದು ನೂರಕ್ಕೆ 61ರಷ್ಟು ಹೆಚ್ಚು ಕಾವು. ಬರಿಯ ಗಾಳಿಯ ಫ್ಯಾನು ಯಾವ ಪ್ರೊಸೆಸರನ್ನೂ ಕೋಣೆಗಿಂತ ತಂಪು ಮಾಡಲಾರದು. ಕೋಣೆ ಹದಿನೈದು ಡಿಗ್ರಿ ಏರಿದರೆ ಪ್ರೊಸೆಸರೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಡಿಸೆಂಬರಿನಲ್ಲಿ ನಾವು ಮೆಚ್ಚಿದ್ದು ಯಂತ್ರವನ್ನಲ್ಲ, ಮಲ್ಲಂದೂರಿನ ಚಳಿಯನ್ನು!

ಬೆಳಗಾಗುತ್ತಲೇ ಯಂತ್ರದ ಹೊಟ್ಟೆ ಬಿಚ್ಚಿದೆವು. ಒಳಗೆ ಧೂಳು ಕಂಬಳಿಯ ಹಾಗೆ ಹೆಣೆದುಕೊಂಡಿತ್ತು. ಪ್ರೊಸೆಸರಿಗೂ ಅದರ ಮೇಲೆ ಕುಳಿತ ಲೋಹದ ರೆಕ್ಕೆಗಳಿಗೂ ನಡುವೆ ಬಳಿದ ಥರ್ಮಲ್ ಪೇಸ್ಟು ಒಣಗಿ ಸುಣ್ಣವಾಗಿತ್ತು. ಎರಡು ಲೋಹಗಳು ಎಷ್ಟು ನುಣುಪಾದರೂ ನಡುವೆ ಕೂದಲೆಳೆಯ ಸಂದುಗಳು ಉಳಿಯುತ್ತವೆ, ಅಲ್ಲಿ ಗಾಳಿ ನಿಂತರೆ ಕಾವು ದಾಟುವುದಿಲ್ಲ, ಅದಕ್ಕೇ ಈ ಪೇಸ್ಟು ಎಂದ. ಒರೆಸಿ, ಹೊಸದನ್ನು ಒಂದು ಮೆಣಸಿನ ಕಾಳಿನಷ್ಟು ಇಟ್ಟ. ಚಿಕ್ಕಮಗಳೂರಿಗೆ ಹೋಗಿ ತಾಮ್ರದ ಕೊಳವೆಗಳುಳ್ಳ ದೊಡ್ಡ ಕೂಲರು ತಂದ. ಕೊಳವೆಯೊಳಗೆ ಒಂದಿಷ್ಟು ದ್ರವ. ಕಾದ ತುದಿಯಲ್ಲಿ ಅದು ಆವಿಯಾಗಿ, ರೆಕ್ಕೆಗಳ ಬಳಿ ತಣಿದು, ಮತ್ತೆ ದ್ರವವಾಗಿ ಹಿಂದಿರುಗುತ್ತದೆ. ಕಳ್ಳಭಟ್ಟಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಪಾಲಿನ ಸಲಹೆ ಒಂದೇ: ಯಂತ್ರವನ್ನು ಗೂಡಿನಿಂದ ಈಚೆಗೆ ತೆಗೆ ಎಂದೆ. ಬಿಟ್ಟ ಬಿಸಿಗಾಳಿಯನ್ನೇ ಅದು ಗೂಡಿನೊಳಗೆ ಮತ್ತೆ ಎಳೆದುಕೊಳ್ಳುತ್ತಿತ್ತು. ಹೊಗೆಗೂಡು ಇಲ್ಲದ ಅಡಿಗೆಮನೆಯಲ್ಲಿ ಬೆಳೆದವನಿಗೆ ಅಷ್ಟು ತಿಳಿಯದೆ ಹೋದೀತೆ? ಕಿಟಕಿಯ ಬಳಿ ಮೇಜಿಟ್ಟೆವು. ಕಾವು 93ರಿಂದ 71ಕ್ಕೆ ಇಳಿಯಿತು.

“ಈಗ 45ಕ್ಕೆ ಏರಿಸಬಹುದು ಮಾವ” ಎಂದ. ಅವನ ಕಣ್ಣಿನಲ್ಲಿ ಮತ್ತೆ ಡಿಸೆಂಬರಿನ ಹೊಳಪು.

ನನಗೆ 1994ರ ನೆನಪಾಯಿತು. ಆ ವರ್ಷ ಬ್ರೆಜಿಲಿನಲ್ಲಿ ಹಿಮ ಬಿದ್ದು ಅಲ್ಲಿಯ ಕಾಫಿ ಸುಟ್ಟುಹೋಯಿತು. ಇಲ್ಲಿ ಬೆಲೆ ಏರಿತು. ಅಪ್ಪ ಹಾಸಿಗೆ ಹಿಡಿದಿದ್ದರು, ತೋಟ ನನ್ನ ಕೈಗೆ ಬಂದಿತ್ತು. ಮರಗಸಿಯ ಹೆಸರಿನಲ್ಲಿ ನಾನು ಕೊಂಬೆ ಸವರಿಸುವುದರಲ್ಲಿ ನಿಲ್ಲಲಿಲ್ಲ. ಮೇಲಿನ ಪಟ್ಟಿಯ ಬಸರಿ, ಅತ್ತಿ, ಹಲಸುಗಳನ್ನು ಬುಡಕ್ಕೇ ಕಡಿಸಿದೆ. ಬಿಸಿಲು ಬಿತ್ತು, ಗಿಡ ಬಾಗುವಷ್ಟು ಕಾಯಿ ಹಿಡಿಯಿತು. ಅರೇಬಿಕಾ ಬಿಸಿಲಿಗೆ ಬಿಟ್ಟರೆ ಮೈಮೀರಿ ಕಾಯಿ ಕಟ್ಟಿ, ಆಮೇಲೆ ತುದಿಯಿಂದ ಒಣಗುತ್ತ ಬರುತ್ತದೆ. ನಿತ್ರಾಣವಾದ ಗಿಡಕ್ಕೆ ಬಿಳಿ ಕಾಂಡಕೊರಕ ಬಂತು. ಆ ಪಟ್ಟಿಯ ಗಿಡಗಳನ್ನೆಲ್ಲ ಕಿತ್ತು ಸುಡಬೇಕಾಯಿತು. ಹಿಂದಿನ ವರ್ಷದ ಲೆಕ್ಕದ ಪುಸ್ತಕದಲ್ಲಿ ಇದಾವುದರ ಸುಳಿವೂ ಇರಲಿಲ್ಲ, ಅಲ್ಲಿ ಬರೀ ಲಾಭವಿತ್ತು. ಯಂತ್ರಗಳದ್ದೂ ಹಾಗೆಯೇ ಎಂದು ತೋರುತ್ತದೆ. 2024ರಲ್ಲಿ ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಅತಿ ವೋಲ್ಟೇಜಿನಿಂದ ಕ್ರಮೇಣ ಕೆಡುತ್ತಿರುವುದು ಗೊತ್ತಾಗಿ, ಕಂಪನಿಯೇ ತಿದ್ದುಪಡಿ ಹೊರಡಿಸಿ ವಾರಂಟಿಯನ್ನು ಎರಡು ವರ್ಷ ಮುಂದೂಡಿತು. ಅವು ಓವರ್‌ಕ್ಲಾಕ್ ಮಾಡಿದವೂ ಅಲ್ಲ.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಅವನು ಸುಮ್ಮನೆ ಕೇಳಿ, ಗುಣಕವನ್ನು 40ಕ್ಕೆ ಇಳಿಸಿ, ವೋಲ್ಟೇಜನ್ನು ಒಂದಿಷ್ಟು ತಗ್ಗಿಸಿ, ಕೆಲಸಕ್ಕೆ ಹಚ್ಚಿದ. ಫ್ಯಾನು ಒಂದೇ ಸಮನೆ ಗುಂಯ್ಗುಡುತ್ತಿತ್ತು. ಬೆಳಗಿನ ಜಾವ ತೆರೆದು ನೋಡಿದೆವು. ಅಜ್ಜಿ ಆರತಿ ಎತ್ತಿದರು. ಒಂದು ಚುಕ್ಕೆಯೂ ಒಡೆದಿರಲಿಲ್ಲ.

“ಒಟ್ಟು ಎಷ್ಟು ಮರ ಕಡಿಸಿದ್ರಿ ಮಾವ?” ಎಂದು ಕೇಳಿದ.

ಮೂವತ್ತೊಂದು ಎಂದೆ. ಅಪ್ಪ ಕೇಳಿದಾಗ ಹನ್ನೆರಡು ಎಂದಿದ್ದೆ.