ಉಣ್ಣೆ ಜಟೆ ಮತ್ತು ಅಜ್ಜಿ

ಕುರಿ ಉಣ್ಣೆಯಲ್ಲಿ ಡ್ರೆಡ್‌ಲಾಕ್ಸ್ ಮಾಡೋದು ಕಷ್ಟವೇನಲ್ಲ. ಹಿಂಜಿದ ಉಣ್ಣೆಯನ್ನು ಉದ್ದಕ್ಕೆ ಎಳೆದು, ಬಿಸಿ ಸೋಪಿನ ನೀರಲ್ಲಿ ನೆನೆಸಿ, ಬತ್ತಿ ಹೊಸೆದಂತೆ ಹೊಸೀತಾ ಇರಬೇಕು. ಎಳೆಗಳ ಮೇಲಿನ ಸಣ್ಣ ಸಣ್ಣ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಹಗ್ಗದ ಹಾಗೆ ಗಟ್ಟಿಯಾಗುತ್ತೆ. ಒಣಗಿಸಿ, ಮಧ್ಯಕ್ಕೆ ಮಡಚಿ, ಕೂದಲ ಜೊತೆ ಹೆಣೆದರಾಯ್ತು. ಬೇಡ ಅನ್ನಿಸಿದಾಗ ಬಿಚ್ಚಿಡಬಹುದು. ನಾನು ಹಾಕ್ಕೊಂಡಿದ್ದು ನಮ್ಮ ಕಡೆಯ ದಖ್ಖನಿ ಕುರಿಯ ಕರಿ ಉಣ್ಣೆ. ಥೇಟ್ ಕಂಬಳಿಯಂತೆ ಕುತ್ತಿಗೆಗೆ ಚುಚ್ಚುತ್ತೆ :)

ಬೆಂಗಳೂರಿನ ಆಫೀಸಲ್ಲಿ ಎಲ್ಲರೂ "ಬಾಬ್ ಮಾರ್ಲಿ" ಅಂತ ನಕ್ಕರು. ಲಕ್ಷ್ಮೇಶ್ವರದ ಮನೇಲಿ ಅಜ್ಜಿ ಮಾತ್ರ ನಗಲಿಲ್ಲ.

"ಜಟಿ ಬಂದಾವೇನವಾ? ಎಲ್ಲವ್ವ ಕರದಾಳೇನು?"

ಆ ಭಯಕ್ಕೆ ಕಾರಣ ಇದೆ. ಕೂದಲು ಗಂಟುಗಟ್ಟಿದರೆ ಅದು ಸವದತ್ತಿ ಎಲ್ಲಮ್ಮನ ಕರೆ ಅಂತ ನಂಬಿ, ಎಷ್ಟೋ ಬಡ ದಲಿತ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡಿದರು. 1982ರಲ್ಲಿ ನಿಷೇಧದ ಕಾನೂನು ಬಂತು. ಆಮೇಲೂ ಗುಟ್ಟಾಗಿ ನಡೀತು. ಎಣ್ಣೆ, ಬಾಚಣಿಗೆ ಕಾಣದ ಕೂದಲು ಗಂಟಾಗುತ್ತೆ, ಅದರಲ್ಲಿ ದೇವರ ಕೆಲಸ ಏನಿದೆ?

ಒಂದೆಳೆ ಬಿಚ್ಚಿ ಅಜ್ಜಿ ಕೈಗಿಟ್ಟೆ. ಮೂಸಿ ನೋಡಿ, "ಕಂಬಳಿ ವಾಸನಿ ಹೊಡೀತೈತಿ" ಅಂದ್ಲು. ಆಗ ನಕ್ಕಳು.

ನಾನೇನೋ ಬಿಚ್ಚಿಟ್ಟೆ. ಕತ್ತರಿ ಹಾಕಿದರೆ ಕೇಡಾಗುತ್ತೆ ಅಂತ ಹೆದರಿ ಬಾಳೆಲ್ಲ ಜಟೆ ಹೊತ್ತವರು ನಿಮ್ಮೂರಲ್ಲೂ ಇದ್ರಾ?