ಶ್ರಾವಕನ ಮನೆಯ ನಾಯಿ ಮತ್ತು ಅದರ ಅನ್ನ

ಧಾರವಾಡದ ಒಂದು ಶ್ರಾವಕ ಕುಟುಂಬಕ್ಕೆ 2022ರ ಮಳೆಗಾಲದಲ್ಲಿ ಎದುರಾದ ಪ್ರಶ್ನೆಯು ಹೊರನೋಟಕ್ಕೆ ಸಣ್ಣದು. ಆ ಮನೆಯ ನಾಯಿ ಕರಿಯನಿಗೆ ಮೈಯೆಲ್ಲ ತುರಿಕೆ. ಹಗಲಿರುಳೂ ಪಾದಗಳನ್ನು ನೆಕ್ಕಿ, ಕಿವಿಗಳನ್ನು ಕೆರೆದು, ಹೊಟ್ಟೆಯ ಕೆಳಗಿನ ಚರ್ಮವು ರೋಮ ಉದುರಿ ಕೆಂಪಾಗಿತ್ತು. ರಾತ್ರಿಯೆಲ್ಲ ಅದರ ಕಾಲು ನೆಲಕ್ಕೆ ಬಡಿಯುವ ಸದ್ದಿನಿಂದ ಮನೆಮಂದಿಗೆ ನಿದ್ರೆಯಿರಲಿಲ್ಲ.

ಕರಿಯನನ್ನು ಅವರು ಕೊಂಡು ತಂದವರಲ್ಲ. ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನು ಅನರ್ಥದಂಡವೆಂದು ಎಣಿಸಿದ ಮಾತುಗಳು ಶ್ರಾವಕಾಚಾರದಲ್ಲಿವೆಯೆಂಬುದು ನಿವೃತ್ತ ಶಿಕ್ಷಕರಾದ ಆ ಮನೆಯ ಹಿರಿಯರಿಗೆ ತಿಳಿಯದ್ದಲ್ಲ. ಕಾಲು ಮುರಿದ ಮರಿಯೊಂದು ಗೇಟಿನ ಬಳಿ ಬಿದ್ದಿತ್ತು, ಒಳಗೆ ಬಂತು, ಆರು ವರ್ಷವಾಯಿತು. ಮನೆಯವರು ಉಂಡದ್ದೇ ಅದರ ಊಟ. ಬೆಳಿಗ್ಗೆ ಚಪಾತಿ, ಸಂಜೆ ಸೂರ್ಯಾಸ್ತಕ್ಕೆ ಮೊದಲು ಮೊಸರನ್ನ.

ಪಶುವೈದ್ಯರು ಮೊದಲು ಚಿಗಟಕ್ಕೆ ಔಷಧಿ ಹಾಕಿಸಿದರು. ತುರಿಸಿಕೊಳ್ಳುವ ನಾಯಿಗಳಲ್ಲಿ ಹೆಚ್ಚಿನವುಗಳ ತೊಂದರೆ ಆಹಾರದ್ದಲ್ಲ, ಚಿಗಟದ್ದು ಅಥವಾ ಮನೆಯ ಧೂಳಿನದು ಎಂಬುದು ಅವರ ವಿವರಣೆ. ಹೇನು ಇರುವೆಗಳಂತೆ ಅದೂ ಮೂರಿಂದ್ರಿಯದ ಜೀವವೆಂದು ಬಗೆದು ಹಿರಿಯರ ಧರ್ಮಪತ್ನಿ ವಾರಗಟ್ಟಲೆ ಸಣ್ಣ ಬಾಚಣಿಗೆಯಿಂದ ಹೆಕ್ಕಿ ಹೊರಗೆ ಬಿಟ್ಟು ನೋಡಿದ್ದರು. ಅದು ಸಾಲಲಿಲ್ಲ. ಔಷಧಿ ಹಾಕಿದ ದಿನ ಅವರು ಏಕಾಶನ ಮಾಡಿದರು. ಆ ಮಾತು ಅಲ್ಲಿಗೆ ಬಿಡೋಣ. ಚಿಗಟ ಹೋದರೂ ತುರಿಕೆ ನಿಲ್ಲಲಿಲ್ಲ.

ಆಗ ಬಂದದ್ದು ಆಹಾರದ ಪ್ರಶ್ನೆ. ಆಹಾರದ ಅಲರ್ಜಿಯನ್ನು ರಕ್ತಪರೀಕ್ಷೆಯಿಂದ ನಂಬಿಕೆಯಾಗಿ ಕಂಡುಹಿಡಿಯಲಾಗದು. ಎಂಟು ವಾರಗಳ ಕಾಲ ಒಂದೇ ಬಗೆಯ ಪಥ್ಯವನ್ನಿಟ್ಟು, ಬೇರೆ ತುತ್ತೊಂದನ್ನೂ ಕೊಡದೆ ನೋಡಬೇಕು. ಅದಕ್ಕೆಂದೇ ಸಿದ್ಧಪಡಿಸಿದ ಪೊಟ್ಟಣದ ಆಹಾರವಿದೆ. ಅದರಲ್ಲಿ ಪ್ರೋಟೀನನ್ನು ಅತಿ ಸಣ್ಣ ತುಣುಕುಗಳಾಗಿ ಒಡೆದಿರುವುದರಿಂದ ದೇಹದ ಕಾವಲುಗಾರನಿಗೆ ಅದರ ಗುರುತು ಹತ್ತುವುದಿಲ್ಲ. ಆದರೆ ಅದರ ಬೆಲೆ ಕಿಲೋಗೆ ಸಾವಿರ ರೂಪಾಯಿಗೂ ಮೇಲು, ದಿನಕ್ಕೆ ಇನ್ನೂರೈವತ್ತು ರೂಪಾಯಿಯ ಖರ್ಚು, ಪಿಂಚಣಿಯ ಮನೆಗೆ ದೊಡ್ಡ ಹೊರೆ. ಹೊರೆಯನ್ನಾದರೂ ಹೊರಬಹುದಿತ್ತು. ಪೊಟ್ಟಣದ ಹಿಂಬದಿಯನ್ನು ಓದಿದ ಮಗಳು ಅದನ್ನು ಮೇಜಿನ ಮೇಲಿಟ್ಟು ಸುಮ್ಮನಾದಳು. ಸೋಯಾ ಎಂದು ಮೊದಲ ಸಾಲಿನಲ್ಲಿದ್ದರೂ ಕೆಳಗೆ ಕೋಳಿಯ ಯಕೃತ್ತು, ಕೋಳಿಯ ಕೊಬ್ಬು ಎಂದಿತ್ತು.

ಆ ರಾತ್ರಿಯ ಚರ್ಚೆ ಸುಲಭದ್ದಾಗಿರಲಿಲ್ಲ. ಇಂಥದ್ದು ಈ ಹೊಸ್ತಿಲು ದಾಟಬಾರದೆಂದು ತಾಯಿ. ಮಗಳು ತಂದೆಯಿಂದಲೇ ಕಲಿತ ಪಾಠವನ್ನು ತಂದೆಯ ಮುಂದಿಟ್ಟಳು: ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ. ವ್ರತವನ್ನು ಸ್ವೀಕರಿಸಿದವರು ನಾವು, ಕರಿಯನಲ್ಲ. ನಮ್ಮ ವ್ರತಕ್ಕಾಗಿ ಅದಕ್ಕೆ ತಕ್ಕ ಆಹಾರವನ್ನು ತಡೆದರೆ ಅದು ಯಾವ ಲೆಕ್ಕಕ್ಕೆ ಸೇರಿತು? ಹಿರಿಯರಲ್ಲಿ ಉತ್ತರವಿರಲಿಲ್ಲ. ಭಾಸ್ಕರ ಕವಿಯು 1424ರಲ್ಲಿ ರಚಿಸಿದ ಜೀವಂಧರ ಚರಿತೆಯನ್ನು ಅವರು ಎಷ್ಟೋ ಸಲ ಓದಿಸಿದ್ದರು. ಯಜ್ಞದ ಅನ್ನ ಮುಟ್ಟಿತೆಂದು ಬಡಿಸಿಕೊಂಡು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರನು ಪಂಚನಮಸ್ಕಾರವನ್ನು ಹೇಳುತ್ತಾನೆ, ನಾಯಿ ಯಕ್ಷನಾಗಿ ಹುಟ್ಟುತ್ತದೆ. ಸಾಯುವ ನಾಯಿಗೆ ಮಂತ್ರ ಸಾಕು. ಬದುಕಬೇಕಾದ ನಾಯಿಗೆ ಅನ್ನವೂ ಬೇಕಲ್ಲ!

ದಾರಿ ತೋರಿಸಿದವರು ವೈದ್ಯರೇ. ಬೆಕ್ಕಾಗಿದ್ದರೆ ಮಾಂಸವಿಲ್ಲದೆ ಸಾಗದು, ಮರಿಯಾಗಿದ್ದರೂ ತಾವು ಈ ಪ್ರಯೋಗಕ್ಕೆ ಒಪ್ಪುತ್ತಿರಲಿಲ್ಲ ಎಂದರು. ಬೆಳೆದ ನಾಯಿಯ ಮಾತು ಬೇರೆ. ಪಿಷ್ಟವನ್ನು ಜೀರ್ಣಿಸುವ ವಂಶವಾಹಿಯ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚೆಂದು 2013ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ಸಾವಿರಾರು ವರ್ಷ ಮನುಷ್ಯನ ಎಂಜಲುಂಡು ಪಡೆದ ಗುಣವದು. ಕರಿಯ ಎಂದೂ ತಿನ್ನದ ಧಾನ್ಯ ಮತ್ತು ಎಂದೂ ತಿನ್ನದ ಪ್ರೋಟೀನು, ಎರಡೇ ಸಾಕು. ಅವರ ವಾಡಿಕೆಯ ಚೀಟಿಯಲ್ಲಿ ಮೀನು ಮತ್ತು ಗೆಣಸು ಇದ್ದವು. ಮೀನು ಸರಿಯೇ ಸರಿ, ಗೆಣಸು ಕಂದಮೂಲವೆಂದು ಅದೂ ಆ ಮನೆಗೆ ಬಾರದು. ವೈದ್ಯರು ನಕ್ಕು ಚೀಟಿಯನ್ನು ಮತ್ತೆ ಬರೆದರು. ಹದಿನೆಂಟು ಕಿಲೋ ತೂಕದ ನಾಯಿಗೆ ದಿನಕ್ಕೆ 130 ಗ್ರಾಂ ನವಣೆ, 80 ಗ್ರಾಂ ಒಣ ಸೋಯಾ ತುಂಡು, 25 ಗ್ರಾಂ ಸೂರ್ಯಕಾಂತಿ ಎಣ್ಣೆ, ಸ್ವಲ್ಪ ಸಿಹಿಗುಂಬಳ, ಎಲ್ಲವನ್ನೂ ಮೆತ್ತಗೆ ಬೇಯಿಸಿ. ಎರಡು ತಿಂಗಳ ಮೇಲೂ ಇದನ್ನೇ ಮುಂದುವರಿಸುವುದಾದರೆ ಸುಣ್ಣಾಂಶ, ಸತು ಮತ್ತು ಜೀವಸತ್ವಗಳ ಪುಡಿ ಸೇರಲೇಬೇಕು, ಬರಿಯ ಧಾನ್ಯ ಸೋಯಾದಲ್ಲಿ ಅವು ಸಾಲವು ಎಂದು ಎಚ್ಚರಿಸಿದರು. ಪುಡಿಯೂ ಸೇರಿ ದಿನದ ಖರ್ಚು ಐವತ್ತು ರೂಪಾಯಿಯೊಳಗೆ ನಿಂತಿತು.

ಜೈನರ ಅಡುಗೆಮನೆಗೆ ಒಂದು ಅನುಕೂಲವೂ ಉಂಟು. ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ, ಅವು ಅಲ್ಲಿ ಮೊದಲೇ ಇಲ್ಲ. ಆದರೆ ಒಣದ್ರಾಕ್ಷಿಯಿಂದ ನಾಯಿಯ ಮೂತ್ರಪಿಂಡಗಳು ಕೆಡಬಹುದು. ಉಳಿದ ಪಾಯಸವನ್ನು ನಾಯಿಗಳಿಗೆ ಸುರಿಯುವ ಬಸದಿಗಳ ಭೋಜನಶಾಲೆಯವರು ಇದನ್ನು ಗಮನಿಸಬೇಕು.

ಮೂರನೆಯ ವಾರಕ್ಕೆ ತುರಿಕೆ ಇಳಿಯಿತು. ನಾಲ್ಕನೆಯ ವಾರದಲ್ಲಿ ಮತ್ತೆ ಏರಿತು. ಚೀಟಿಯಂತೆಯೇ ಅಳೆದು ಬೇಯಿಸುತ್ತಿದ್ದ ಮಗಳಿಗೆ ಕಾರಣ ತಿಳಿಯಲಿಲ್ಲ. ಒಂದು ಸಂಜೆ ಕಚೇರಿಯಿಂದ ಬೇಗ ಬಂದಾಗ ಹಿತ್ತಿಲ ಕಟ್ಟೆಯ ಮೇಲೆ ತಂದೆ ಕುಳಿತಿದ್ದರು, ಅಂಗೈಯಲ್ಲಿ ಮೊಸರನ್ನದ ತುತ್ತು, ಎದುರಿಗೆ ಕರಿಯ. ನವಣೆಯನ್ನು ಅದು ಅರ್ಧಕ್ಕೆ ಬಿಟ್ಟದ್ದನ್ನು ಕಂಡು ಮರುಗಿ ನಾಲ್ಕು ದಿನದಿಂದ ಕೊಡುತ್ತಿದ್ದರಂತೆ. ಮೊಸರು ಯಾರಿಗೆ ಕೇಡು ಮಾಡೀತು ಎಂದು ಕೇಳಿದರು. ಮಗಳು ಸಿಟ್ಟಾಗಲಿಲ್ಲ, ಕ್ಯಾಲೆಂಡರಿನಲ್ಲಿ ಎಣಿಕೆಯನ್ನು ಮೊದಲಿನಿಂದ ಆರಂಭಿಸಿದಳು.

ಎಂಟು ವಾರ ತುಂಬಿದಾಗ ಹೊಟ್ಟೆಯ ಮೇಲೆ ಹೊಸ ರೋಮ ಬಂದಿತ್ತು. ವೈದ್ಯರು ಅಷ್ಟಕ್ಕೆ ಒಪ್ಪದೆ ಹಳೆಯ ಆಹಾರವನ್ನು ಒಂದೊಂದಾಗಿ ಮರಳಿ ಕೊಡಿಸಿದರು. ಎರಡು ವಾರ ಚಪಾತಿ ಕೊಟ್ಟರು, ಏನೂ ಆಗಲಿಲ್ಲ. ಆಮೇಲೆ ಮೊಸರು. ಮೂರನೆಯ ದಿನ ರಾತ್ರಿ ನೆಲಕ್ಕೆ ಕಾಲು ಬಡಿಯುವ ಸದ್ದು ಮತ್ತೆ ಕೇಳಿಸಿತು. ಇದು ಅಪರೂಪವೂ ಅಲ್ಲವಂತೆ. ಸುಮಾರು 300 ಅಲರ್ಜಿಯ ನಾಯಿಗಳ ವರದಿಗಳನ್ನು ಕಲೆಹಾಕಿದ 2016ರ ಸಮೀಕ್ಷೆಯಲ್ಲಿ ಗೋಮಾಂಸ ಮೊದಲನೆಯದು, 34 ಶೇಕಡ. ಹಾಲಿನ ಪದಾರ್ಥಗಳು ಎರಡನೆಯವು, 17 ಶೇಕಡ. ಕೋಳಿಯದು ಅವುಗಳ ನಂತರದ ಸ್ಥಾನ. ಮನೆಯಲ್ಲಿ ಅತ್ಯಂತ ನಿರ್ದೋಷವೆಂದು ಎಲ್ಲರೂ ನಂಬಿದ್ದ ತುತ್ತೇ ಆರು ವರ್ಷಗಳಿಂದ ಕರಿಯನನ್ನು ಸುಡುತ್ತಿತ್ತು, ಅದನ್ನು ಕೊಟ್ಟದ್ದು ದಯೆಯ ಕೈಯೇ. ಹಿರಿಯರು ಅಂದು ಸಾಮಾಯಿಕಕ್ಕೆ ಕುಳಿತವರು ಬಹಳ ಹೊತ್ತು ಏಳಲಿಲ್ಲ.

ತುರಿಕೆ ಪೂರ್ತಿಯಾಗಿ ಹೋಗಿದೆಯೆಂದಲ್ಲ. ಮಳೆಗಾಲದಲ್ಲಿ ಒಂದಿಷ್ಟು ಕಾಣಿಸಿಕೊಳ್ಳುತ್ತದೆ, ಅದು ಧೂಳಿನದಿರಬೇಕು. ನವಣೆಯ ಜೊತೆಗೆ ಈಗ ಚಪಾತಿಯೂ ಉಂಟು, ಪುಡಿಯೂ ಉಂಟು, ಆರು ತಿಂಗಳಿಗೊಮ್ಮೆ ತೂಕವನ್ನೂ ರಕ್ತವನ್ನೂ ಪರೀಕ್ಷಿಸುತ್ತಾರೆ. ಪರೀಕ್ಷೆಯಲ್ಲಿ ಕೊರತೆ ಕಂಡರೆ ಮತ್ತೆ ಕುಳಿತು ಮಾತಾಡುವುದೆಂದು ತಾಯಿ ಮಗಳು ಒಪ್ಪಂದಕ್ಕೆ ಬಂದಿದ್ದಾರೆ. ಆ ಮಾತು ಬಂದಾಗ ತಾಯಿಯು ಹೊಸ್ತಿಲಿನ ಬಗ್ಗೆ ಏನನ್ನೂ ಹೇಳಲಿಲ್ಲ.

ಸಂಜೆ ಹಿರಿಯರು ಸೌತೆಕಾಯಿಯ ನಾಲ್ಕು ಹೋಳು ಹಿಡಿದು ಅದೇ ಕಟ್ಟೆಯ ಮೇಲೆ ಕೂರುತ್ತಾರೆ. ತಮ್ಮ ಮೊಸರನ್ನವನ್ನು ಮಾತ್ರ ಒಳಗೇ ಉಂಡು, ಕೈ ತೊಳೆದು ಬರುತ್ತಾರೆ.