ಗಾಜಿನ ಮೇಲಣ ಕಾವೇರಿ

ಮಡಿಕೇರಿಯಿಂದ ಕುಶಾಲನಗರಕ್ಕಿಳಿಯುವ ರಸ್ತೆಯಲ್ಲಿ, ಸುಂಟಿಕೊಪ್ಪವು ಇನ್ನೆರಡು ತಿರುವುಗಳಷ್ಟು ದೂರವಿದ್ದಾಗ, ನನ್ನ ಮುಂದೆ ಹೋಗುತ್ತಿದ್ದ ಜಲ್ಲಿಯ ಟಿಪ್ಪರೊಂದು ತನ್ನ ಅಪಾರ ಐಶ್ವರ್ಯದಿಂದ ಒಂದೇ ಒಂದು ಕಲ್ಲನ್ನು ನನಗೆ ದಾನಮಾಡಿ, ಪ್ರತಿಗ್ರಹಿಯ ಮುಖವನ್ನು ಸಹ ನೋಡದೆ ನಡೆದುಬಿಟ್ಟಿತು. ಕಾಫಿ ಕೊಯ್ಲಿನ ದಿನಗಳವು. ನನ್ನ ಹಳೆಯ ಮಾರುತಿ 800ನ್ನು ಬದಿಗೆ ನಿಲ್ಲಿಸಿ ನೋಡಿದರೆ, ಮುಂಗಾಜಿನ ಎಡಮೂಲೆಯಲ್ಲಿ ಕಾಫಿಬೀಜದ ಗಾತ್ರದ ಒಂದು ಗಾಯ, ಅದರಿಂದ ಹೊರಟ ಕೂದಲೆಳೆಯಂಥ ಒಂದು ಗೆರೆ. ‘ಇಷ್ಟೇ ತಾನೆ’ ಎಂದುಕೊಂಡೆ. ಆಗಲೇ ಯಾರಾದರೂ ಬಲ್ಲವರಿಂದ ಅದರೊಳಕ್ಕೆ ರಾಳವನ್ನು ತುಂಬಿಸಿ ನೇರಳಾತೀತ ಬೆಳಕಿನಲ್ಲಿ ಗಟ್ಟಿಮಾಡಿಸಿದ್ದರೆ ಕೆಲವು ನೂರು ರೂಪಾಯಿಗಳಲ್ಲಿ ಮುಗಿಯಬಹುದಾಗಿದ್ದ ವ್ಯವಹಾರಕ್ಕೆ ನಾನು ಮನೆಯಾಕೆಯ ಉಗುರುಬಣ್ಣದ ಸೀಸೆಯಿಂದ ಒಂದು ತೊಟ್ಟನ್ನು ಹಚ್ಚಿ, ಚಿಕಿತ್ಸೆ ಪೂರ್ಣವಾಯಿತೆಂದು ತೃಪ್ತನಾದೆ.

ಅನಂತರದ ಅಪರಾಧ ಟಿಪ್ಪರಿನದಲ್ಲ, ನನ್ನದೇ. ಒಂದು ಬೆಳಗ್ಗೆ ಮಂಜು ಗಾಜನ್ನು ಪೂರ್ತಿ ಮುಸುಕಿದ್ದುದನ್ನು ಕಂಡು, ಒರೆಸುವ ಶ್ರಮವನ್ನು ಉಳಿಸಲೆಂದು ಬಚ್ಚಲ ಹಂಡೆಯಿಂದ ಒಂದು ಚೊಂಬು ಬಿಸಿನೀರನ್ನು ತಂದು ಎರೆದೆ. ‘ಚಟ್’ ಎಂದಿತು. ಗೆರೆ ಗೇಣುದ್ದವಾಯಿತು. ಅಂದಿನಿಂದ ಅದಕ್ಕೊಂದು ಸ್ವಂತ ಜೀವನವೇ ಆರಂಭವಾದಂತೆ ತೋರಿತು. ಎಡಮೂಲೆಯ ಗಾಯವೇ ತಲಕಾವೇರಿಯೆಂದು ಇಟ್ಟುಕೊಂಡರೆ, ಶಿವರಾತ್ರಿಯ ಹೊತ್ತಿಗೆ ಅದು ಕುಶಾಲನಗರವನ್ನು ದಾಟಿತ್ತು. ಹೂಮಳೆ ಬಿದ್ದಾಗ ಕನ್ನಂಬಾಡಿಯನ್ನು ಮುಟ್ಟಿತ್ತು. ಮೇ ತಿಂಗಳಲ್ಲಿ ತಮಿಳುನಾಡನ್ನು, ಎಂದರೆ ಚಾಲಕನಾದ ನನ್ನ ಕಣ್ಣಿನ ನೇರವನ್ನು, ಪ್ರವೇಶಿಸಿತು. ಉಪಮೆಗೆ ಒಂದೇ ಕೊರತೆ: ಭಾಗಮಂಡಲದಲ್ಲಿ ಕನ್ನಿಕೆ ಸುಜ್ಯೋತಿಯರು ಬಂದು ಕೂಡುವಂತೆ ಬಿರುಕಿಗೆ ಯಾವುದೂ ಬಂದು ಕೂಡುವುದಿಲ್ಲ; ಅದು ಕೊಳ್ಳಿಡಮಿನಂತೆ ಕವಲೊಡೆಯುವುದನ್ನು ಮಾತ್ರ ಬಲ್ಲುದು.

ಇಷ್ಟಾದರೂ ಗಾಜು ನನ್ನ ಮಡಿಲಿಗೆ ಉದುರಲಿಲ್ಲವೆಂಬುದೇ ನನ್ನ ಆಲಸ್ಯಕ್ಕೆ ಆಧಾರವಾಯಿತು. ಫ್ರಾನ್ಸಿನ ಎದುವಾರ್ ಬೆನೆಡಿಕ್ಟಸ್ ಎಂಬ ರಸಾಯನಶಾಸ್ತ್ರಜ್ಞನು 1903ರಲ್ಲಿ ಕೈತಪ್ಪಿ ಬೀಳಿಸಿದ ಗಾಜಿನ ಬುರುಡೆಯೊಂದು, ಒಳಗೆ ಅಂಟಿಕೊಂಡಿದ್ದ ಸೆಲ್ಯುಲೋಸ್ ನೈಟ್ರೇಟಿನ ಪೊರೆಯ ದೆಸೆಯಿಂದ, ಒಡೆದೂ ಚೂರಾಗದೆ ಉಳಿಯಿತಂತೆ. 1909ರಲ್ಲಿ ಆತನು ಆ ಉಪಾಯಕ್ಕೆ ಪೇಟೆಂಟನ್ನು ಪಡೆದನು. ಎರಡು ಗಾಜುಗಳ ನಡುವೆ ಪಾರದರ್ಶಕವಾದ ಹಾಳೆಯೊಂದನ್ನು ಬೆಸೆಯುವ ಇಂದಿನ ಮುಂಗಾಜು ಅದರ ಸಂತತಿಯೇ. ಹೊರಗಿನ ಪದರ ಸೀಳಿದರೂ ಒಳಗಿನದು ಅಖಂಡವಾಗಿಯೇ ಇರಬಹುದಾದ್ದರಿಂದ, ನನ್ನಂಥವರು ತಿಂಗಳುಗಟ್ಟಲೆ ‘ನಾಳೆ ನೋಡೋಣ’ ಎನ್ನುವುದಕ್ಕೆ ವಿಜ್ಞಾನದ ಬೆಂಬಲವೂ ದೊರೆತಂತಾಗಿದೆ.

ಆದರೆ ಗಾಡಿಗೆ 15 ವರ್ಷ ತುಂಬುತ್ತಲಿತ್ತು. ಇನ್ನೈದು ವರ್ಷಗಳ ನೋಂದಣಿಗೆ ಸಾರಿಗೆ ಇಲಾಖೆಯ ಕಣ್ಣಿಗೆ ಅದನ್ನು ತೋರಿಸಬೇಕಾಗಿತ್ತು. ವಿಮೆಯ ಕಾಗದಗಳನ್ನು ಬಿಡಿಸಿದೆ. ವಿಮೆಯ ಶಾಸ್ತ್ರದಲ್ಲಿ ಗಾಜಿಗೆ ಮುಪ್ಪಿಲ್ಲವೆಂಬ ಸಂಗತಿ ತಮಗೆ ಗೊತ್ತೋ ಇಲ್ಲವೋ: ರಬ್ಬರು ಪ್ಲಾಸ್ಟಿಕ್ಕುಗಳ ಬೆಲೆಯಲ್ಲಿ ಸವಕಳಿಯೆಂದು ಶೇಕಡಾ 50ನ್ನು ಮುರಿದುಕೊಳ್ಳುವ ಪದ್ಧತಿಯೇ ಗಾಜಿನ ಬೆಲೆಯಲ್ಲಿ ಕಾಸನ್ನೂ ಮುರಿಯದು. ಈ ಔದಾರ್ಯವೆಲ್ಲ ಸಮಗ್ರ ವಿಮೆಯವರಿಗೆ. ಅವರಾದರೂ ಒಮ್ಮೆ ಕೈಚಾಚಿದರೆ, ವರ್ಷವರ್ಷಕ್ಕೂ ಶೇಕಡಾ 20ರಿಂದ 50ರವರೆಗೆ ಏರುವ ರಿಯಾಯಿತಿಯನ್ನು ಕಳೆದುಕೊಳ್ಳುವರಾದ್ದರಿಂದ, ಅಗ್ಗದ ಗಾಜಿಗೆ ಪರಿಹಾರವನ್ನು ಕೇಳುವುದು ನಷ್ಟವೇ ಆದೀತು. ನನ್ನದೋ, ಉಳಿತಾಯದ ಬುದ್ಧಿಯಿಂದ ಕೊಂಡ ಬರಿಯ ಥರ್ಡ್ ಪಾರ್ಟಿ. ಪರರಿಗೆ ನಾನು ಮಾಡುವ ಹಾನಿಗೆ ಮಾತ್ರ ಅದು ಉತ್ತರ ಹೇಳುವುದು.

ಗಾಜನ್ನು ಕೈಯಿಂದಲೇ ಕೊಳ್ಳಬೇಕಾಯಿತೆಂದು ಕೇಳಿ, ನೆರೆಯ ತೋಟದವರು ತಮ್ಮ ಹಳೆಯ ಜೀಪನ್ನು ತೋರಿಸಿ ನಕ್ಕರು. ಅದರ ಗಾಜು ಚಪ್ಪಟೆ. ಪದರದ ಹಾಳೆಯಿಂದ ಅಳತೆಗೆ ಕತ್ತರಿಸಿಕೊಟ್ಟರೆ ಮುಗಿಯಿತು. ನನ್ನ ಅಳಿಯನು ಮಾತ್ರ ನಗಲಿಲ್ಲ. ಅವನ ಹೊಸ ಕಾರಿನ ಗಾಜನ್ನು ಅಂಟಿನಿಂದ ದೇಹಕ್ಕೇ ಬೆಸೆದಿರುವರು. ಕಿತ್ತರೆ ಹಳೆಯ ಅಂಟನ್ನು ಕೊಯ್ದು ತೆಗೆದು, ಹೊಸದನ್ನು ಹಾಕಿ, ಅದು ಬಿಗಿಯುವವರೆಗೆ ಗಂಟೆಗಟ್ಟಲೆ ಕಾಯಬೇಕು. ಕನ್ನಡಿಯ ಹಿಂದಿನ ಕ್ಯಾಮೆರಾಕ್ಕೆ ಮತ್ತೆ ದಾರಿ ನೋಡುವುದನ್ನು ಕಲಿಸಬೇಕು. ಮಿತವ್ಯಯವೆಂಬುದು ಮನುಷ್ಯನ ಗುಣವೆಂದೇ ನಾನು ತಿಳಿದಿದ್ದೆ. ಅದರಲ್ಲಿ ಅರ್ಧಪಾಲು ವಸ್ತುವಿನದೆಂದು ಆ ಸಂಜೆ ಹೊಳೆಯಿತು. ಬಿಚ್ಚಲು ಬರುವಂತೆ ಕಟ್ಟಿದ ಪದಾರ್ಥದೊಡನೆ ಮಾತ್ರವೇ ಬಡವನು ಬಾಳಬಲ್ಲನು.

ಮೈಸೂರಿನ ಗುಜರಿಯಲ್ಲಿ ಹಳೆಯ ಗಾಜುಗಳು ಅರ್ಧ ಬೆಲೆಗೆ ಇದ್ದುವು. ಆದರೆ ಅಂಗಡಿಯಾತನೇ ಒಂದನ್ನು ಬಿಸಿಲಿಗೆ ಹಿಡಿದು, ವೈಪರು ವರ್ಷಗಳಿಂದ ಗೀಚಿದ ಅರ್ಧಚಂದ್ರಗಳನ್ನು ತೋರಿಸಿ, “ರಾತ್ರಿ ಎದುರು ಲೈಟು ಬಿದ್ರೆ ಇದೆಲ್ಲ ಹೊಳೆಯುತ್ತೆ ಸಾರ್, ಘಾಟಿಯೋರಿಗೆ ಬೇಡ” ಎಂದನು. ವ್ಯಾಪಾರವನ್ನು ಬಿಟ್ಟುಕೊಟ್ಟ ಆ ಪುಣ್ಯಾತ್ಮನ ಮಾತಿಗೆ ಮಣಿದು, ಹೊಸದನ್ನೇ ಕೊಂಡು, ಕಂಬಳಿಯಲ್ಲಿ ಸುತ್ತಿ, ಮಡಿಕೇರಿಯ ಬಸ್ಸನ್ನೇರಿದೆ. ಗಾಜನ್ನು ಮಲಗಿಸಬಾರದು, ನಿಲ್ಲಿಸಿಯೇ ಒಯ್ಯಬೇಕು. ಕಂಡಕ್ಟರು ಕಂಬಳಿಯನ್ನು ಮುಟ್ಟಿ, “ಫೋಟೋನಾ ಸಾರ್, ಯಾವ ದೇವರು?” ಎಂದು ಕೇಳಿ, ಲಗೇಜಿನ ಚೀಟಿ ಹರಿದನು. ಹುಣಸೂರು, ಪಿರಿಯಾಪಟ್ಟಣಗಳನ್ನು ಮೊಣಕಾಲುಗಳ ನಡುವೆ ಗಾಜನ್ನು ಅವುಚಿಯೇ ಕಳೆದೆ. ಬೈಲುಕುಪ್ಪೆಯಲ್ಲಿ ಹತ್ತಿದ ಟಿಬೆಟಿನ ಕಿರಿಯ ಭಿಕ್ಷುವೊಬ್ಬನು, ಏನೆಂದು ಕೇಳದೆಯೇ, ಅದರ ಇನ್ನೊಂದು ಅಂಚನ್ನು ಕುಶಾಲನಗರದವರೆಗೂ ಹಿಡಿದು ಕುಳಿತನು.

ಸುಂಟಿಕೊಪ್ಪದ ಮೆಕ್ಯಾನಿಕ್ಕು ಗಾಜನ್ನು ನೋಡಿ ತಲೆದೂಗಿ, “ಸುತ್ತಲಿನ ರಬ್ಬರು ಎಲ್ಲಿ?” ಎಂದನು. ಹಳೆಯದೇ ಸಾಲದೆ ಎಂದೆ. ಅವನು ಅದರ ಒಂದು ತುಂಡನ್ನು ಮುರಿದು ನನ್ನ ಅಂಗೈಯಲ್ಲಿಟ್ಟನು. ಹೌದು, ಒಣಕಡ್ಡಿಯಂತೆ ಅದು ಮುರಿಯಿತು. ಆ ಸಂದಿನಿಂದ ಇಳಿದ ನೀರು ಕೆಳಗಿನ ತಗಡನ್ನು ಆಗಲೇ ತಿನ್ನತೊಡಗಿತ್ತು. ವಿಮೆಯವರು ರಬ್ಬರಿನ ಬೆಲೆಯಲ್ಲಿ ಅರ್ಧವನ್ನು ಮುರಿಯುವುದು ಏಕೆಂದು ಅರಿವಾಗಿ, ಅದನ್ನೂ ಹೊಸದಾಗಿಯೇ ತರಿಸಿದೆ.

ಅವನು ರಬ್ಬರನ್ನು ಗಾಜಿನ ಸುತ್ತ ತೊಡಿಸಿ, ಅದರ ಒಳತೋಡಿನಲ್ಲಿ ಬಟ್ಟೆ ಒಣಹಾಕುವ ನೈಲಾನು ಹಗ್ಗವನ್ನು ಹುದುಗಿಸಿ, ಸಾಬೂನುನೀರನ್ನು ಬಳಿದು, ಚೌಕಟ್ಟಿಗೆ ಆನಿಸಿದನು. ಹುಡುಗನು ಹೊರಗಿನಿಂದ ಅಂಗೈಯಲ್ಲಿ ಒತ್ತುತ್ತಿರಲು, ಇವನು ಒಳಗೆ ಕುಳಿತು ಹಗ್ಗದ ತುದಿಯನ್ನು ಮೆಲ್ಲಮೆಲ್ಲನೆ ಎಳೆದಂತೆ, ರಬ್ಬರಿನ ತುಟಿಯು ಗೇಣುಗೇಣಾಗಿ ತಗಡಿನ ಅಂಚನ್ನು ದಾಟಿ ಒಳಕ್ಕೆ ಮಗುಚಿಕೊಳ್ಳುತ್ತ ಬಂದಿತು. ಕೊನೆಯ ಮೂಲೆಯಲ್ಲಿ ‘ಟಪ್’ ಎಂದು ಹಗ್ಗ ಕೈಗೆ ಬಂತು. ಹುಡುಗನು ಎರಡು ಬಕೆಟ್ಟು ನೀರನ್ನು ಎರಚಿದನು. ಒಳಗೆ ಕುಳಿತಿದ್ದ ನನಗೆ ಹನಿಯೂ ತಾಗಲಿಲ್ಲ.

ಹಳೆಯ ಗಾಜನ್ನು ಮನೆಗೆ ತಂದು ಕೋಳಿಗೂಡಿನ ಮಾಡಿನ ಮೇಲೆ ಹೊದಿಸಿದ್ದೇನೆ. ಈಗ ಕಕ್ಕಡ ತಿಂಗಳ ಮಳೆ. ನೀರು ತಲಕಾವೇರಿಯಿಂದ ತಮಿಳುನಾಡಿನವರೆಗೂ ಆ ಗೆರೆಯ ಗುಂಟ ಜಾರಿ ತೊಟ್ಟಿಕ್ಕುತ್ತಿದ್ದರೆ, ಹುಂಜವು ಕತ್ತು ಓರೆಮಾಡಿ, ಒಂದೇ ಕಣ್ಣಿನಿಂದ, ಬಹಳ ಹೊತ್ತು ಅದನ್ನೇ ನೋಡುತ್ತಿರುತ್ತದೆ.